ತಿಪ್ಪೆಯಿಂದ ತಕ್ಕಡಿಗೆ: ಸೋಲದೇವನಹಳ್ಳಿ ಸೀಮೆಯಲ್ಲಿ ಹಳೆಯ ಸಾಮಾನಿನ ಚರಿತ್ರೆ

ಮನೆಯಲ್ಲಿ ಬೇಡವಾದ ಸಾಮಾನಿನ ಗತಿ ಎರಡು ಸಂಗತಿಗಳಿಂದ ತೀರ್ಮಾನವಾಗುತ್ತದೆ. ಆ ಸಾಮಾನು ಯಾವುದರಿಂದ ಮಾಡಿದ್ದು ಎಂಬುದು ಒಂದು. ಅದನ್ನು ತಿರುಗಿ ಕೊಳ್ಳುವವರು ಇದ್ದಾರೆಯೇ ಎಂಬುದು ಇನ್ನೊಂದು. ಮಣ್ಣು, ಮರ, ಹತ್ತಿ, ತಾಮ್ರ, ಹಿತ್ತಾಳೆಗಳ ಕಾಲದಲ್ಲಿ ಎರಡಕ್ಕೂ ಉತ್ತರ ಊರಿನೊಳಗೇ ಸಿಗುತ್ತಿತ್ತು. ಪ್ಲಾಸ್ಟಿಕ್, ಫೋಮ್, ಮರದ ಪುಡಿಯ ಹಲಗೆ, ಸರ್ಕ್ಯೂಟ್ ಬೋರ್ಡುಗಳು ಮನೆಗೆ ಬಂದ ಮೇಲೆ ಉತ್ತರ ಊರಿನ ಗಡಿ ದಾಟಿತು. ಕೆಲವಕ್ಕೆ ಉತ್ತರವೇ ಇಲ್ಲವಾಯಿತು.

ಬೆಂಗಳೂರಿನ ವಾಯವ್ಯ ಅಂಚಿನಲ್ಲಿರುವ ಸೋಲದೇವನಹಳ್ಳಿಯ ಸೀಮೆಯಲ್ಲಿ ಈ ಬದಲಾವಣೆಯನ್ನು ಮೊದಲಿಂದ ಕೊನೆಯವರೆಗೂ ನೋಡಬಹುದು. ಒಂದು ಬದಿಗೆ ಚಿಕ್ಕಬಾಣಾವರ, ಇನ್ನೊಂದು ಬದಿಗೆ ಹೆಸರಘಟ್ಟ, ಮಧ್ಯೆ ತುಮಕೂರಿನ ಕಡೆಗೆ ಹೋಗುವ ರೈಲು ಹಳಿ. ರಾಗಿ, ಅವರೆ, ತರಕಾರಿ ಬೆಳೆಯುತ್ತಿದ್ದ ಹೊಲಗಳ ಮೇಲೆ ಈಗ ಕಾಲೇಜು, ಹಾಸ್ಟೆಲು, ಬಡಾವಣೆಗಳು ಎದ್ದಿವೆ.

ತಿಪ್ಪೆಯ ಕಾಲ

ಬೆಂಗಳೂರು ಉತ್ತರದ ಹಳ್ಳಿಗಳಲ್ಲಿ ಮನೆಯ ಕಸಕ್ಕೆ ಇದ್ದ ಜಾಗ ತಿಪ್ಪೆ. ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ಸೊಪ್ಪುಸದೆ, ದನ ತಿಂದು ಬಿಟ್ಟ ಹುಲ್ಲು, ಹರಿದ ಚಾಪೆ, ಸವೆದ ಪೊರಕೆ, ತೂತುಬಿದ್ದ ಮೊರ ಎಲ್ಲವೂ ಅದೇ ಗುಂಡಿಗೆ ಬೀಳುತ್ತಿದ್ದವು. ಬೇಸಿಗೆ ಕಳೆದು ಮೊದಲ ಮಳೆಗೆ ಮುಂಚೆ ತಿಪ್ಪೆ ಗಾಡಿಯೇರಿ ರಾಗಿ ಹೊಲಕ್ಕೆ ಹೋಗುತ್ತಿತ್ತು. ಒಬ್ಬರ ತಿಪ್ಪೆಗೆ ಇನ್ನೊಬ್ಬರು ಕೈಹಾಕಿದರೆ ಜಗಳವಾಗುತ್ತಿತ್ತು. ಅದು ಕಸವೆಂದಲ್ಲ, ಗೊಬ್ಬರವೆಂಬ ಆಸ್ತಿ ಎಂದು.

ತಿಪ್ಪೆಗೆ ಹೋಗುವ ಮುಂಚೆಯೂ ವಸ್ತು ಹಲವು ಹಂತ ಇಳಿಯುತ್ತಿತ್ತು. ಉಡುವ ಸೀರೆ ಸವೆದರೆ ಮಗುವಿನ ತೊಟ್ಟಿಲಾಗುತ್ತಿತ್ತು, ಆಮೇಲೆ ಕೂಸಿನ ಕುಂಡೆಬಟ್ಟೆ, ಆಮೇಲೆ ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆ, ಕೊನೆಗೆ ನೆಲ ಒರೆಸುವ ಚಿಂದಿ. ಉತ್ತರ ಕರ್ನಾಟಕದಲ್ಲಿ ಹಳೆಯ ಬಟ್ಟೆಗಳು ಪದರ ಪದರವಾಗಿ ಕೂಡಿ ಕೌದಿಯಾಗುತ್ತಿದ್ದವು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಇಂದಿಗೂ ಅಂಥ ಹೊದಿಕೆ ಹೊಲಿಯುತ್ತಾರೆ. ಒಡೆದ ಮಡಕೆಯ ತಳ ಕೋಳಿಗೆ ನೀರಿಡುವ ಬಟ್ಟಲಾಗುತ್ತಿತ್ತು. ತೆಂಗಿನ ಚಿಪ್ಪು, ಮುರಿದ ಮರ, ಹರಿದ ಬುಟ್ಟಿ ಬಚ್ಚಲ ಹಂಡೆಯ ಒಲೆಗೆ ಹೋಗುತ್ತಿದ್ದವು. ಆ ಒಲೆಯ ಬೂದಿಯಿಂದಲೇ ಪಾತ್ರೆ ತೊಳೆಯುತ್ತಿದ್ದರು.

ಲೋಹ ಮಾತ್ರ ತಿಪ್ಪೆಯ ಹಾದಿ ಹಿಡಿಯುತ್ತಿರಲಿಲ್ಲ. ಸವೆದ ಗುಳ, ಮೊಂಡಾದ ಕುಡುಗೋಲು ಕಮ್ಮಾರನ ಕುಲುಮೆಗೆ ಮರಳುತ್ತಿದ್ದವು. ಕಮ್ಮಾರ, ಬಡಗಿ, ಮಡಿವಾಳ ಮೊದಲಾದ ಆಯಗಾರರಿಗೆ ಸುಗ್ಗಿಯಲ್ಲಿ ಕಣದಿಂದ ಧಾನ್ಯ ಸಲ್ಲುತ್ತಿತ್ತು. ಹಾಗಾಗಿ ರಿಪೇರಿಗೆ ಪ್ರತಿಸಲವೂ ದುಡ್ಡು ತೆಗೆಯಬೇಕಿರಲಿಲ್ಲ, ಮುರಿದದ್ದನ್ನು ಸರಿಮಾಡಿಸದೆ ಬಿಸಾಡಲು ಕಾರಣವೂ ಇರಲಿಲ್ಲ.

ಸಾಮಾನು ಹೊರಹಾಕುವುದಕ್ಕೆ ಹೊತ್ತು ಗೊತ್ತೂ ಇತ್ತು. ಯುಗಾದಿ, ಗೌರಿಹಬ್ಬ, ಆಯುಧಪೂಜೆಗಳ ಮುಂಚೆ ಅಟ್ಟ ಇಳಿಸಿ, ಧೂಳು ಹೊಡೆದು, ಸುಣ್ಣ ಬಳಿದು, ಬೇಕಾದ್ದು ಬೇಡದ್ದು ಬೇರೆ ಮಾಡುವುದು ವಾಡಿಕೆ. ಶುಕ್ರವಾರ ಮನೆಯಿಂದ ವಸ್ತು ಹೊರಗೆ ಕೊಡಬಾರದು, ದೀಪ ಹಚ್ಚಿದ ಮೇಲೆ ಕಸ ಹೊರಹಾಕಬಾರದು ಎಂಬ ನಂಬಿಕೆ ಇಂದಿಗೂ ಅನೇಕ ಮನೆಗಳಲ್ಲಿದೆ. ಪೂಜೆಗೊಂಡ ವಸ್ತುವನ್ನು ತಿಪ್ಪೆಗೆ ಹಾಕುವಂತಿರಲಿಲ್ಲವಾದ್ದರಿಂದ ಒಡೆದ ವಿಗ್ರಹ ಕೆರೆಗೂ ಬಾವಿಗೂ ಹೋಯಿತು. ಮುಂದೆ ಮನೆ ಮನೆಗೂ ಗಾಜಿನ ಕಟ್ಟಿನ ಅಚ್ಚಿನ ಪಟ ಬಂದಾಗ, ಹಳೆಯ ದೇವರ ಪಟಗಳು ಅಶ್ವತ್ಥಕಟ್ಟೆಯ ಬುಡ ಸೇರಿದವು. ಎಸೆಯಲಾಗದ, ಇಟ್ಟುಕೊಳ್ಳಲೂ ಆಗದ ವಸ್ತುವಿಗೆ ಊರು ಕೊಟ್ಟ ಜಾಗ ಅದು.

ಊರೂರು ಸುತ್ತುವ ಕಸುಬುದಾರರು

ಹಳ್ಳಿಯಲ್ಲಿ ಆಗದ ರಿಪೇರಿಗೆ ಅಲೆಮಾರಿ ಕಸುಬುದಾರರು ಬರುತ್ತಿದ್ದರು. ಕಲಾಯಿಯವರು ಬೇವಿನ ನೆರಳಿನಲ್ಲಿ ಗುಂಡಿ ತೋಡಿ, ತಿದಿ ಹೂಡಿ, ತಾಮ್ರ ಹಿತ್ತಾಳೆ ಪಾತ್ರೆಗಳನ್ನು ಕಾಯಿಸಿ ಒಳಮೈಗೆ ನವಸಾಗರದ ಪುಡಿ ಉಜ್ಜಿ ತವರ ಬಳಿಯುತ್ತಿದ್ದರು. ತವರ ಸವೆದ ಪಾತ್ರೆಯಲ್ಲಿ ಹುಳಿ ಪದಾರ್ಥ ಕಿಲುಬುತ್ತದೆ. ಕಲಾಯಿ ಹಾಕಿಸಿದರೆ ಅದೇ ಪಾತ್ರೆ ಮತ್ತೆ ಹೊಸದು. ಒಂದು ಪಾತ್ರೆ ಹೀಗೆ ಎರಡು ಮೂರು ತಲೆಮಾರು ಬಾಳುತ್ತಿತ್ತು. ತೀರಾ ಸೀಳಿದ ಪಾತ್ರೆಯನ್ನು ಪೇಟೆಯ ಅಂಗಡಿಯಲ್ಲಿ ತೂಕಕ್ಕೆ ಕೊಟ್ಟು, ಮಜೂರಿ ಸೇರಿಸಿ ಹೊಸದನ್ನು ತರುತ್ತಿದ್ದರು.

ಹಾಸಿಗೆಯದೂ ಇದೇ ಕತೆ. ಪಿಂಜಾರರು, ಅಂದರೆ ನದಾಫರು, ಹೆಗಲ ಮೇಲೆ ಬಿಲ್ಲು ಹೊತ್ತು ಬಂದು, ಗಟ್ಟಿಕಟ್ಟಿದ ಹಳೆಯ ಹತ್ತಿಯನ್ನು ಅಂಗಳದಲ್ಲೇ ಹಿಂಜಿ ಹಗುರ ಮಾಡಿ ಮತ್ತೆ ಹಾಸಿಗೆಗೆ ತುಂಬುತ್ತಿದ್ದರು. ಹರಿಯುತ್ತಿದ್ದದ್ದು ಮೇಲಿನ ಬಟ್ಟೆ ಮಾತ್ರ. ಒಳಗಿನ ಹತ್ತಿ ಮನೆಯಲ್ಲೇ ಉಳಿಯುತ್ತಿತ್ತು. ಸಾಣೆ ಹಿಡಿಯುವವರು, ಕೊಡೆ ರಿಪೇರಿಯವರು, ಬೀಸುಕಲ್ಲಿಗೂ ಒರಳಿಗೂ ಮುಳ್ಳು ಹೊಡೆಯುವವರು ಇದೇ ಸಾಲಿಗೆ ಸೇರಿದವರು. ಇವರೆಲ್ಲರ ಕೆಲಸದ ಫಲ ಒಂದೇ: ವಸ್ತು ‘ಬೇಡವಾಗುವ’ ದಿನವನ್ನು ಮುಂದೂಡುವುದು.

ನೀರು ಹೋದ ದಾರಿ

1884ರಲ್ಲಿ ಬೆಂಗಳೂರು–ತುಮಕೂರು ರೈಲು ಓಡಿತು. ಹತ್ತು ವರ್ಷದ ಮೇಲೆ, 1894ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದ ಜಲಾಶಯ ನಿರ್ಮಾಣವಾಯಿತು. ಆಗ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. 1896ರಲ್ಲಿ ಚಾಮರಾಜೇಂದ್ರ ವಾಟರ್ ವರ್ಕ್ಸ್‌ನಿಂದ ಬೆಂಗಳೂರಿಗೆ ಕೊಳವೆ ನೀರು ಬಂತು. ನೀರು ಇಟ್ಟಿಗೆ ಕಾಲುವೆಯಲ್ಲಿ ತರಬನಹಳ್ಳಿಗೆ ಹರಿದು, ಅಲ್ಲಿಂದ ಸೋಲದೇವನಹಳ್ಳಿಗೆ ತಲುಪಿ, ಇಲ್ಲಿನ ಪಂಪ್‌ಹೌಸಿನಿಂದ ನಗರದ ಕಡೆಗೆ ಏರುತ್ತಿತ್ತು. ನಗರದ ಮೊದಲ ನಲ್ಲಿ ನೀರು ಹೀಗೆ ಈ ಊರನ್ನು ಹಾದು ಹೋಯಿತು. ನಗರ ಬಳಸಿ ಬಿಟ್ಟದ್ದು ಇದೇ ದಿಕ್ಕಿಗೆ ಮರಳಲು ನೂರು ವರ್ಷ ಹಿಡಿಯಿತು.

ನಗರದಲ್ಲಿ ತಿಪ್ಪೆಗೆ ಜಾಗವಿರಲಿಲ್ಲ. 1862ರಲ್ಲಿ ಪುರಸಭೆ ಬಂದ ಮೇಲೆ ಬೀದಿಯ ಕಸ ಸಾಗಿಸುವುದು ಸಾರ್ವಜನಿಕ ಕೆಲಸವಾಯಿತು. 1898ರ ಆಗಸ್ಟಿನಲ್ಲಿ ಪ್ಲೇಗು ಕಾಲಿಟ್ಟಾಗ, ಮನೆಯ ಹಳೆಯ ಸಾಮಾನಿನ ಮೇಲಿನ ದೃಷ್ಟಿಯೇ ಬದಲಾಯಿತು. ರೋಗ ತಗುಲಿದವರ ಬಟ್ಟೆ ಹಾಸಿಗೆ ಸುಡುವುದು, ಮನೆ ಖಾಲಿ ಮಾಡಿಸಿ ಔಷಧಿ ಹೊಡೆಯುವುದು ಪ್ಲೇಗು ನಿವಾರಣೆಯ ಕ್ರಮಗಳಾಗಿದ್ದವು. ಅಟ್ಟದ ಮೇಲೆ ಕೂಡಿಟ್ಟದ್ದು ಸಂಪತ್ತಲ್ಲ, ಇಲಿಯ ಬೀಡು ಎಂಬ ಭಾವನೆ ಆಗ ಹುಟ್ಟಿತು. ಆ ಕಾಲದಲ್ಲಿ ಬೆಳೆದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕಸ ಸಾಗಿಸುವುದಕ್ಕೆಂದೇ ಕಿರುದಾರಿ ಬಿಟ್ಟರು.

ಆದರೂ ಆಗಿನ ನಗರದ ಕಸದ ಬಹುಪಾಲು ಕೊಳೆಯುವ ಕಸವೇ. ಅದನ್ನು ಹೊಲಕ್ಕೆ ಮರಳಿಸುವ ಬಗೆಯನ್ನು ಕಂಡುಕೊಂಡದ್ದೂ ಬೆಂಗಳೂರಿನಲ್ಲೇ. 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ರೂಪಿಸಿದ ವಿಧಾನದಲ್ಲಿ, ಗುಂಡಿಯೊಳಗೆ ಊರಿನ ಕಸ ಮತ್ತು ಮಲವನ್ನು ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮುಚ್ಚಿ, ತಿರುವದೆ ಕಳಿಯಲು ಬಿಡುತ್ತಾರೆ. ಕೃಷಿ ಪಠ್ಯಗಳಲ್ಲಿ ಅದಕ್ಕೆ ‘ಬೆಂಗಳೂರು ವಿಧಾನ’ ಎಂದೇ ಹೆಸರು. ಹಳ್ಳಿಯ ತಿಪ್ಪೆಗೆ ವಿಜ್ಞಾನದ ಅಳತೆ ಹಾಕಿದ ಪ್ರಯತ್ನವದು. 1975ರಲ್ಲಿ ಆರಂಭವಾದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಇದೇ ಉದ್ದೇಶವನ್ನು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡಿತು.

ಗುಜರಿ ಮತ್ತು ತಕ್ಕಡಿ

ಕೊಳೆಯದ ಸಾಮಾನಿನ ಪಾಲಿಗೆ ನಗರದಲ್ಲಿ ಹುಟ್ಟಿದ್ದು ಗುಜರಿ. ಉರ್ದುವಿನಲ್ಲಿ ದಾರಿಬದಿಯ ಸಂಜೆ ಸಂತೆಗೆ ‘ಗುಜ್ರಿ’ ಎನ್ನುತ್ತಾರೆ. ಕನ್ನಡದಲ್ಲಿ ಆ ಮಾತು ಹಳೆಯ ಸಾಮಾನಿನ ಸಂತೆಗೂ, ಕ್ರಮೇಣ ಸಾಮಾನಿಗೇ ಕೂಡ ಅಂಟಿಕೊಂಡಿತು. ಹಳೆಯ ಕಾಗದಕ್ಕೆ ಹೇಳುವ ‘ರದ್ದಿ’ಯ ಮೂಲ ತಳ್ಳಿಹಾಕಿದ್ದು ಎಂಬ ಅರ್ಥದ ಅರಬ್ಬಿ ಪದ. 1809ರಲ್ಲಿ ನೆಲೆಗೊಂಡ ದಂಡು ಪ್ರದೇಶದಿಂದಲೂ ಈ ವ್ಯಾಪಾರಕ್ಕೆ ಸರಕು ಬರುತ್ತಿತ್ತು: ವರ್ಗವಾಗಿ ಹೊರಟ ಬ್ರಿಟಿಷ್ ಅಧಿಕಾರಿಗಳು ಮಂಚ, ಕಪಾಟು, ಪಿಂಗಾಣಿಗಳನ್ನು ಹರಾಜು ಹಾಕಿ ಹೋಗುವುದು ಆ ಕಾಲದ ರೂಢಿ. ಕೆ.ಆರ್. ಮಾರುಕಟ್ಟೆಯ ಆಸುಪಾಸಿನ ಸಂಡೆ ಬಜಾರ್, ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಸಾಲು, ಶಿವಾಜಿನಗರದ ಗುಜರಿ, ಕಾಗದ ಚಿಂದಿಗಳ ಸಗಟು ವ್ಯಾಪಾರದ ಜಾಲಿ ಮೊಹಲ್ಲಾ, ಪ್ಲಾಸ್ಟಿಕ್ ಕರಗಿಸುವ ನಾಯಂಡಹಳ್ಳಿ ಈ ವ್ಯಾಪಾರದ ನೆಲೆಗಳಾಗಿ ಬೆಳೆದವು.

ಸೋಲದೇವನಹಳ್ಳಿಯ ಕಡೆಗೆ ಈ ಜಾಲ ಚಾಚಿಕೊಂಡದ್ದು ಕಾರ್ಖಾನೆಗಳ ಬೆನ್ನಿಗೆ. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಜಾಲಹಳ್ಳಿಯಲ್ಲಿ ನೆಲೆಗೊಂಡವು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. ಲೇತ್ ಯಂತ್ರದ ಕಬ್ಬಿಣದ ಸುರುಳಿ, ತಗಡಿನ ಚೂರು, ತಾಮ್ರದ ತಂತಿ ಕೊಳ್ಳುವ ಅಂಗಡಿಗಳೇ ಮನೆಯ ಹಳೆಯ ಸಾಮಾನನ್ನೂ ತೂಗಿದವು. ತಿಂಗಳ ಸಂಬಳದ ಕುಟುಂಬಗಳಿಗೆ ದಿನಪತ್ರಿಕೆ, ರೇಡಿಯೋ, ಸ್ಟೀಲ್ ಪಾತ್ರೆ ಬಂದವು. ಜೊತೆಗೇ ಅವುಗಳ ಹಳತೂ ಬಂತು. ತಳ್ಳುಗಾಡಿಯಲ್ಲೋ ಸೈಕಲ್ಲಿನಲ್ಲೋ ಬಂದು ಹಳೇ ಪೇಪರ್, ಖಾಲಿ ಸೀಸೆ, ಹಳೇ ಕಬ್ಬಿಣ ಎಂದು ಕೂಗುವವರ ತಕ್ಕಡಿಯ ಮೇಲೆ ಗೃಹಿಣಿಯರ ಕಣ್ಣು ನೆಟ್ಟಿರುತ್ತಿತ್ತು. ಪತ್ರಿಕೆ ದಿನಸಿ ಅಂಗಡಿಯಲ್ಲಿ ಪೊಟ್ಟಣವಾಯಿತು, ಸೀಸೆ ತೊಳೆದು ಮತ್ತೆ ತುಂಬುವವರ ಕೈ ಸೇರಿತು, ಕಬ್ಬಿಣ ಕರಗಿತು.

ಇನ್ನೊಂದು ವ್ಯಾಪಾರ ದುಡ್ಡಿಲ್ಲದೆ ನಡೆಯುತ್ತಿತ್ತು. ಬುಟ್ಟಿ ತುಂಬ ಸ್ಟೀಲ್ ಅಥವಾ ಪ್ಲಾಸ್ಟಿಕ್ ಸಾಮಾನು ಹೊತ್ತು ಬರುವ ಹೆಂಗಸರು ಹಳೆಯ ಸೀರೆ, ಪ್ಯಾಂಟುಗಳಿಗೆ ಬದಲಾಗಿ ಪಾತ್ರೆ ಕೊಡುತ್ತಿದ್ದರು. ನಾಲ್ಕು ಸೀರೆಗೆ ಒಂದು ಡಬರಿಯೋ ಐದಕ್ಕೋ ಎಂಬ ಚೌಕಾಸಿ ಅರ್ಧ ಮಧ್ಯಾಹ್ನ ನುಂಗುತ್ತಿತ್ತು. ಬೆಳ್ಳಿ ಎಳೆಯ ಜರಿ ಸೀರೆಗೆ ಬೇರೆಯೇ ಬೆಲೆ: ಜರಿ ಸುಟ್ಟರೆ ಬೆಳ್ಳಿ ಸಿಗುತ್ತಿತ್ತು. ಉಡಬಹುದಾದ ಬಟ್ಟೆ ಹಳೆಯ ಬಟ್ಟೆಯ ಸಂತೆಗೆ, ಉಡಲಾಗದ್ದು ಕಾರ್ಖಾನೆಯಲ್ಲಿ ಯಂತ್ರ ಒರೆಸುವ ಚಿಂದಿಗೆ ಹೋಗುತ್ತಿತ್ತು.

ಹಳ್ಳಿಯ ಪದ್ಧತಿಗೂ ಗುಜರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಆಯಗಾರನಿಗೆ ಸಲ್ಲುತ್ತಿದ್ದುದು ವರ್ಷದ ಪಾಲು. ಗುಜರಿಯವನಿಗೆ ಸಿಗುವುದು ಕೊಂಡ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂತರ ಮಾತ್ರ. ಆದ್ದರಿಂದ ಬೆಲೆ ಇರುವುದನ್ನಷ್ಟೇ ತಕ್ಕಡಿ ಒಪ್ಪುತ್ತದೆ. ಎಲ್ಲ ಸಾಮಾನಿಗೂ ಏನಾದರೂ ಬೆಲೆ ಇದ್ದಷ್ಟು ಕಾಲ ಈ ಲೆಕ್ಕ ನಡೆಯಿತು.

ತಕ್ಕಡಿ ಒಪ್ಪದ ಸಾಮಾನು

1990ರ ದಶಕದಿಂದ ಈಚೆಗೆ ಮನೆಯೊಳಗಿನ ವಸ್ತುಗಳು ಬೇಗ ಬೇಗ ಬದಲಾದವು. ಹತ್ತಿ ಹಾಸಿಗೆಯ ಜಾಗಕ್ಕೆ ಫೋಮ್ ಹಾಸಿಗೆ ಬಂತು. ಅದನ್ನು ಹಿಂಜಲಾಗದು, ಪಿಂಜಾರರಿಗೆ ಕೆಲಸವಿಲ್ಲ. ತೇಗದ ಬೀರುವಿನ ಜಾಗಕ್ಕೆ ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿದ ಹಲಗೆಯ ಬೀರು ಬಂತು. ನೀರು ಕುಡಿದು ಉಬ್ಬಿದರೆ ಬಡಗಿಗೂ ಬೇಡ. ಪದರ ಪದರವಾಗಿ ಬೇರೆ ಬೇರೆ ಪ್ಲಾಸ್ಟಿಕ್ ಅಂಟಿಸಿದ ತಿಂಡಿ ಪೊಟ್ಟಣ, ನಾನಾ ಎಳೆ ಬೆರೆತ ಬಟ್ಟೆ, ಥರ್ಮಾಕೋಲ್, ಟ್ಯೂಬ್‌ಲೈಟ್, ಸಣ್ಣ ಬ್ಯಾಟರಿ, ಅವಧಿ ಮುಗಿದ ಔಷಧಿ ಇವುಗಳಿಗೆ ಗುಜರಿಯಲ್ಲಿ ಬೆಲೆಯೇ ಇರಲಿಲ್ಲ.

ಬೆಲೆ ಇದ್ದ ಹೊಸ ಸಾಮಾನಿನಲ್ಲಿ ಬೇರೆಯ ಅಪಾಯವಿತ್ತು. ಹಳೆಯ ಟಿ.ವಿ., ಕಂಪ್ಯೂಟರುಗಳಲ್ಲಿ ತಾಮ್ರವೂ ಅತ್ಯಲ್ಪ ಚಿನ್ನವೂ ಇದೆ. ಸೀಸ, ಕ್ಯಾಡ್ಮಿಯಂಗಳೂ ಇವೆ. ವಯರಿನ ಪ್ಲಾಸ್ಟಿಕ್ ಸುಟ್ಟು ತಾಮ್ರ ತೆಗೆಯುವುದು, ಬೋರ್ಡನ್ನು ಆಮ್ಲದಲ್ಲಿ ಅದ್ದಿ ಚಿನ್ನ ಬಿಡಿಸುವುದು ಗಲ್ಲಿಗಳಲ್ಲಿ ನಡೆಯಿತು. ಆ ಹೊಗೆ ಕುಡಿದವರು, ಆ ಆಮ್ಲ ಮುಟ್ಟಿದವರು ಅತ್ಯಂತ ಕಡಿಮೆ ಕೂಲಿಯ ಕೆಲಸಗಾರರು.

ಇದೇ ಅವಧಿಯಲ್ಲಿ ಸೋಲದೇವನಹಳ್ಳಿಯ ಸುತ್ತ ಕಾಲೇಜುಗಳೂ ಪಿಜಿ ವಸತಿಗಳೂ ಎದ್ದವು. ಬಾಡಿಗೆ ಕೋಣೆಯ ಬದುಕು ಅಟ್ಟವಿಲ್ಲದ ಬದುಕು. ಓದು ಮುಗಿಸಿ ಹೊರಡುವವರು ಹಾಸಿಗೆ, ಬಕೆಟ್ಟು, ಪುಸ್ತಕ, ಮೇಜನ್ನು ಒಂದೇ ವಾರದಲ್ಲಿ ಖಾಲಿ ಮಾಡಬೇಕು. ಇಂಥ ಕಡೆ ಬೆಲೆ ಇದ್ದದ್ದು ಗುಜರಿಗೆ ಹೋಗುತ್ತದೆ. ಬೆಲೆ ಇಲ್ಲದ್ದು ಖಾಲಿ ಸೈಟು, ಕೆರೆ ಅಂಚು, ರಸ್ತೆಯ ತಿರುವು ಸೇರುತ್ತದೆ.

ಕಸ ಬಂದ ದಾರಿ

ಬೆಂಗಳೂರು ಬೆಳೆದಂತೆ ಬೆರಕೆ ಕಸವನ್ನು ಊರಾಚೆ ಗುಡ್ಡೆ ಹಾಕುವುದೇ ಪರಿಹಾರವಾಯಿತು. 2000ರ ದಶಕದಲ್ಲಿ ನಗರದ ಲಾರಿಗಳು ಉತ್ತರಕ್ಕೆ ತಿರುಗಿ, ಹೆಸರಘಟ್ಟದ ಆಚೆಯ ಮಾವಳ್ಳಿಪುರ ತಲುಪಿದವು. ಅದು ಅರ್ಕಾವತಿಯ ಜಲಾನಯನ ಪ್ರದೇಶ. ನಗರಕ್ಕೆ ಮೊದಲ ಕೊಳವೆ ನೀರು ಕೊಟ್ಟ ನದಿಯ ಸೀಮೆಗೆ ನಗರದ ಹಾಸಿಗೆ, ಪ್ಲಾಸ್ಟಿಕ್, ಅಡುಗೆಮನೆಯ ಹೆಚ್ಚುವರಿ ಎಲ್ಲ ಒಟ್ಟಾಗಿ ಬಂದು ಬಿದ್ದವು. ಬಾವಿ ಕೆಟ್ಟಿತೆಂದು, ನೊಣದ ಕಾಟವೆಂದು ಹಳ್ಳಿಗರು ವರ್ಷಗಟ್ಟಲೆ ಹೋರಾಡಿದರು. 2012ರಲ್ಲಿ ಮಾವಳ್ಳಿಪುರ ಮುಚ್ಚಿತು. ನಗರದ ಬೀದಿಗಳಲ್ಲಿ ಕಸ ರಾಶಿಬಿತ್ತು. ಭಾರ ಹೊತ್ತ ಪೂರ್ವದ ಮಂಡೂರಿನಲ್ಲೂ ಪ್ರತಿಭಟನೆ ಎದ್ದು, 2014ರ ಕೊನೆಗೆ ಅಲ್ಲಿಗೂ ಲಾರಿ ನಿಂತಿತು. ಆಮೇಲಿನ ಸರದಿ ಯಲಹಂಕ ಕಡೆಯ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕಲ್ಲು ಕ್ವಾರಿಗಳದು.

ನಿಯಮಗಳು, ಗುರುತು ಚೀಟಿಗಳು

ನಗರಗಳ ಘನತ್ಯಾಜ್ಯಕ್ಕೆ ದೇಶದಲ್ಲಿ ಪ್ರತ್ಯೇಕ ನಿಯಮ ಬಂದದ್ದು 2000ದಲ್ಲಿ. ಬೆಂಗಳೂರಿನಲ್ಲಿ ಅದಕ್ಕೆ ಜೀವ ಬಂದದ್ದು 2012ರ ಬಿಕ್ಕಟ್ಟಿನಲ್ಲಿ: ಮನೆಯಲ್ಲೇ ಕಸ ಬೇರ್ಪಡಿಸುವುದು ಕಡ್ಡಾಯವಾಯಿತು, ವಾರ್ಡಿಗೊಂದು ಒಣ ಕಸ ಸಂಗ್ರಹ ಕೇಂದ್ರ ಬೇಕೆಂದು ಹೈಕೋರ್ಟ್ ಹೇಳಿತು. 2015ರ ಕೊನೆಗೆ ಎರಡು ಡಬ್ಬಿ, ಒಂದು ಚೀಲದ ಕ್ರಮಕ್ಕೂ ನ್ಯಾಯಾಲಯದ ಒತ್ತಾಸೆ ಸಿಕ್ಕಿತು: ಹಸಿ ಕಸಕ್ಕೊಂದು ಡಬ್ಬಿ, ನೈರ್ಮಲ್ಯದ ಕಸಕ್ಕೊಂದು ಡಬ್ಬಿ, ಒಣ ಕಸಕ್ಕೆ ಚೀಲ.

ಈ ವ್ಯವಸ್ಥೆಯನ್ನು ನಿಜವಾಗಿ ಬಲ್ಲವರು ಚಿಂದಿ ಆಯುವವರು. ಯಾವ ಪ್ಲಾಸ್ಟಿಕ್ ಯಾವ ಗೋದಾಮಿಗೆ ಎಂಬುದು ಅವರಿಗೆ ಬೆರಳ ತುದಿಯಲ್ಲಿತ್ತು. 2011ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಅವರಿಗೆ ಗುರುತು ಚೀಟಿ ಕೊಡತೊಡಗಿತು. ದೇಶದಲ್ಲಿ ಇಂಥ ಮೊದಲ ಕ್ರಮಗಳಲ್ಲಿ ಇದೂ ಒಂದು. ಅವರ ನಡುವೆ ಕೆಲಸ ಮಾಡುವ ಹಸಿರು ದಳ ಸಂಸ್ಥೆಯ ನೆರವಿನಿಂದ ಹಲವರು ಒಣ ಕಸ ಕೇಂದ್ರಗಳನ್ನು ತಾವೇ ನಡೆಸತೊಡಗಿದರು. ಗುಜರಿಯ ಜ್ಞಾನಕ್ಕೆ ಸರ್ಕಾರದ ಮುದ್ರೆ ಬಿದ್ದ ಹಾಗಾಯಿತು.

ಇ-ತ್ಯಾಜ್ಯದ ದಾರಿ ಬೇರೆಯಾಯಿತು. 2005ರಲ್ಲಿ, ಸೋಲದೇವನಹಳ್ಳಿಯಿಂದ ಇದೇ ತುಮಕೂರು ದಿಕ್ಕಿನಲ್ಲಿ ಮುಂದಿರುವ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಮರುಬಳಕೆ ಘಟಕ ಶುರುವಾಯಿತು. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕವೆಂದು ಅದಕ್ಕೆ ಹೆಸರು. 2011ರಲ್ಲಿ ರೂಪುಗೊಂಡು 2012ರ ಮೇ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮ, ಹಳೆಯ ಉಪಕರಣ ಮರಳಿ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿತು. 2016 ಮತ್ತು 2022ರಲ್ಲಿ ಆ ನಿಯಮ ಬಿಗಿಯಾಯಿತು. ಎಲ್ಲ ಬಗೆಯ ಬ್ಯಾಟರಿಗೂ ಅನ್ವಯಿಸುವ ನಿಯಮ 2022ರಲ್ಲಿ ಬಂತು. 2016ರ ಘನತ್ಯಾಜ್ಯ ನಿಯಮ ಬಣ್ಣದ ಡಬ್ಬ, ಕೀಟನಾಶಕದ ಡಬ್ಬ, ಟ್ಯೂಬ್‌ಲೈಟ್, ಅವಧಿ ಮೀರಿದ ಔಷಧಿ, ಪಾದರಸದ ಥರ್ಮಾಮೀಟರ್‌ಗಳನ್ನು ಮನೆಯ ಅಪಾಯಕಾರಿ ಕಸವೆಂದು ಬೇರೆಯಾಗಿ ಹೆಸರಿಸಿತು. ಬಯಲಿನಲ್ಲಿ ಕಸ ಸುಡುವುದನ್ನು ನಿಷೇಧಿಸಿತು. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದ ಅಭಿಯಾನವೊಂದು, ಹಳೆಯ ಬಟ್ಟೆ, ಪುಸ್ತಕ, ಆಟಿಕೆಗಳನ್ನು ಕೊಟ್ಟುಹೋಗುವ ಕೇಂದ್ರಗಳನ್ನು ದೇಶದ ನಗರಗಳಲ್ಲಿ ತೆರೆಸಿತು.

ಇಂದಿನ ವಿಂಗಡಣೆ

ಇಂದು ಅಟ್ಟ ಇಳಿಸಿದ ಮನೆಯ ಸಾಮಾನು ನಾಲ್ಕು ಪಾಲಾಗುತ್ತದೆ. ಬಳಸಬಹುದಾದದ್ದು ಇನ್ನೊಂದು ಮನೆಗೆ: ಒಗೆದು ಮಡಿಸಿದ ಬಟ್ಟೆ, ಪುಟ ಹರಿಯದ ಪುಸ್ತಕ, ಓಡುವ ಫ್ಯಾನು ಪರಿಚಯದವರಿಗೋ ಸೇವಾಸಂಸ್ಥೆಗಳಿಗೋ ಸಲ್ಲುತ್ತವೆ. ಬೆಲೆ ಇರುವ ಕಾಗದ, ಲೋಹ, ಗಟ್ಟಿ ಪ್ಲಾಸ್ಟಿಕ್ ಗುಜರಿಗೂ ಒಣ ಕಸ ಕೇಂದ್ರಕ್ಕೂ ಹೋಗುತ್ತವೆ. ಪ್ಲಗ್ಗು, ಬ್ಯಾಟರಿ ಇರುವುದೆಲ್ಲ ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರ ಪಾಲು. ಟ್ಯೂಬ್‌ಲೈಟ್, ಬಣ್ಣದ ಡಬ್ಬ, ಔಷಧಿಗಳು ಒಣ ಕಸದೊಡನೆ ಬೆರೆಯದೆ ಪ್ರತ್ಯೇಕವಾಗಿ ಸಾಗಬೇಕಾದವು. ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ಕೊಡುವುದು ಕಸ ಎತ್ತುವವರ ಕೈ ಉಳಿಸುವ ಹಳೆಯ ಕ್ರಮ. ದೇವರ ಪಟದ ಕಟ್ಟು, ಗಾಜು, ಕಾಗದ ಬೇರೆ ಮಾಡಿದರೆ ಒಂದೊಂದಕ್ಕೂ ದಾರಿ ಇದೆ. ಹಾಗೇ ಬಿಟ್ಟರೆ ಅವು ಇಂದಿಗೂ ಅಶ್ವತ್ಥಕಟ್ಟೆಯ ಬುಡದಲ್ಲೇ ಉಳಿಯುತ್ತವೆ.

ಫೋಮ್ ಹಾಸಿಗೆ, ಉಬ್ಬಿದ ಹಲಗೆಯ ಬೀರು, ಹರಿದ ಸೋಫಾ ಈ ನಾಲ್ಕು ಪಾಲಿನಲ್ಲಿ ಸಲೀಸಾಗಿ ಸೇರುವುದಿಲ್ಲ. ಹಳ್ಳಿಯಲ್ಲಿ ರಿಪೇರಿಯವನಿಗೆ ಕಣದಿಂದ ಧಾನ್ಯ ಸಲ್ಲುತ್ತಿತ್ತು; ಗುಜರಿಯವನು ಮನೆಯವರಿಗೇ ದುಡ್ಡು ಕೊಟ್ಟ. ಬೆಲೆಯಿಲ್ಲದ ಈ ಸಾಮಾನಿಗೆ ಮಾತ್ರ, ಒಯ್ಯುವವನಿಗೆ ಮನೆಯವರೇ ಕೂಲಿ ಕೊಡಬೇಕಾಗಿದೆ. ಆ ಕೂಲಿ ಉಳಿಸಿದ ಹಾಸಿಗೆಗಳೇ ಕೆರೆ ಅಂಚಿನಲ್ಲಿ ಬಿದ್ದಿರುವುದು.